ತಕರಾರಿಲ್ಲದ ಮಾತುಗಳು

ಮಂಗಳೂರು ಮದರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ ಹೊಸತು. ಚರ್ಚಿಸಲು ವಿಷಯಗಳಿಗೇನೂ ಬರವಿರಲಿಲ್ಲ. ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸುತ್ತಿದ್ದ ಮೇಡಂ ಮಾತ್ರ ವಿಚಿತ್ರ ನಿಯಮವೊಂದನ್ನು ಇಟ್ಟಿದ್ದರು. ವಾದಿಸುವ ಮೊದಲು ಎದುರಾಳಿಯ ಯಾವ ಯಾವ ಮಾತಿಗೆ ನಿನ್ನ ತಕರಾರಿಲ್ಲ ಎಂದು ಎದ್ದು ಹೇಳಬೇಕು. ಅದಕ್ಕೆ ಅವರ ಶಬ್ದ: ‘ಅನ್‌ಡಿಸ್ಪ್ಯೂಟೆಡ್’.

ಯಾವುದನ್ನೂ ಸುಮ್ಮನೆ ಒಪ್ಪದ ನಾನು ಆ ಶಬ್ದಕ್ಕೇ ತಕರಾರು ತೆಗೆದೆ. “ಸಂದೇಹವೇ ಇಲ್ಲದ ಸತ್ಯ ಲೋಕದಲ್ಲಿ ಎಲ್ಲುಂಟು ಮೇಡಂ?”

“ಸತ್ಯ ಅಂತ ಯಾರು ಹೇಳಿದ್ದು ಮಾರಾಯ? ಇವತ್ತು, ಇಲ್ಲಿ, ನಾವಿಬ್ಬರೂ ಜಗಳ ಮಾಡದ್ದು. ಅಷ್ಟೇ.”

ಎದುರಾಳಿಗೆ ಬಿಟ್ಟಿ ಅಂಕ ಕೊಡುವ ಉಪಾಯವಿದು ಎಂದು ದಿನವೂ ಮನೆಯಲ್ಲಿ ಅಕ್ಕನ ಮುಂದೆ ಗೊಣಗುತ್ತಿದ್ದೆ. ಅವಳು ಮೀನು ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ಅಕ್ಕನಿಗೆ ನರ್ಸಿಂಗ್ ಕಲಿಯುವ ಆಸೆ. ನಮ್ಮಲ್ಲಿ ಕೊನೆಯ ಮಾತು ಸೋದರಮಾವನದು; ಅವರ ಉತ್ತರ ‘ಬೇಡ’. ಅವರು ಮನೆಗೆ ಬಂದ ಭಾನುವಾರ, ಪ್ರತಿ ಆಕ್ಷೇಪಕ್ಕೂ ಖಂಡನೆ ಸಿದ್ಧಮಾಡಿಕೊಂಡು ಅಕ್ಕನ ಪಕ್ಕದಲ್ಲಿ ಕೂತೆ. ಮಾತೆಲ್ಲ ತುಳುವಿನಲ್ಲಿ.

“ರಾತ್ರಿ ಪಾಳಿ ಉಂಟು ಅಲ್ಲಿ.”

“ಉಂಟು ಮಾವ. ಅನ್‌ಡಿಸ್ಪ್ಯೂಟೆಡ್,” ಎಂದಳು ಅಕ್ಕ. ತುಳುವಿನ ನಡುವೆ ಆ ಶಬ್ದ!

“ಹಾಗೆಂದರೆ ಎಂತ?”

“ನನ್ನದು ತಕರಾರಿಲ್ಲ ಅಂತ.”

“ಕಂಡ ಕಂಡ ಗಂಡಸರ ಮೈ ಮುಟ್ಟಬೇಕು.”

“ಮುಟ್ಟಬೇಕು. ಅದೂ ಹೌದು.”

“ಊರಿನವರು ಬಾಯಿಗೆ ಬಂದದ್ದು ಹೇಳ್ತಾರೆ.”

ಇದಕ್ಕೆ ನನ್ನಲ್ಲಿ ಮೂರು ಉತ್ತರಗಳಿದ್ದವು. ಬಾಯಿ ತೆರೆದೆ, ಅಕ್ಕ ನನ್ನ ಕಾಲು ತುಳಿದಳು.

“ಹೇಳ್ತಾರೆ ಮಾವ.”

ಮಾವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಜಗಳಕ್ಕೆಂದು ಬಂದವರಿಗೆ ಜಗಳವೇ ಸಿಗುತ್ತಿರಲಿಲ್ಲ. “ಎಲ್ಲದಕ್ಕೂ ಹೌದು ಹೌದು ಅಂದರೆ ನಿನ್ನದು ಮತ್ತೆ ಎಂತ ಉಳಿಯಿತು ಮಾರಾಯ್ತಿ?”

“ಒಂದೇ. ಅಜ್ಜಿ ಹಾಸಿಗೆ ಹಿಡಿದಾಗ ಅವರನ್ನು ತೊಳೆದು, ಮಗ್ಗುಲು ಹೊರಳಿಸಿ, ಹುಣ್ಣಾಗದ ಹಾಗೆ ನೋಡಿಕೊಂಡದ್ದು ನಾನು. ನನಗೆ ಆ ಕೆಲಸ ಬರ್ತದೆ. ಅದಕ್ಕೆ ನಿಮ್ಮ ತಕರಾರು ಉಂಟಾ?”

ಆ ಅಜ್ಜಿ ಮಾವನ ತಾಯಿ. ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿದರು. ಬಿಟ್ಟಿ ಅಂಕವಲ್ಲ ಅದು. ಬೇಡದ ಜಗಳಗಳನ್ನೆಲ್ಲ ಗುಡಿಸಿ, ಉಳಿದದ್ದರ ಎದುರು ಅವರನ್ನು ಒಬ್ಬರನ್ನೇ ಕೂರಿಸುವ ವಿದ್ಯೆ. ಹಂಪನಕಟ್ಟೆಯ ಬಸ್ಸಿನಲ್ಲೂ ವಾದ ಗೆದ್ದು ಇಳಿಯುತ್ತಿದ್ದ ನನಗೆ ಅದು ಹೊಳೆದಿರಲಿಲ್ಲ.

“ಇಲ್ಲ,” ಎಂದರು ಮಾವ ಕೊನೆಗೆ. ಎಲೆ ಮಡಚಿ ಬಾಯಿಗಿಟ್ಟು, ಅಕ್ಕನ ಮುಖ ನೋಡದೆ ಕೇಳಿದರು: “ಅಲ್ಲಿ ಹಾಸ್ಟೆಲಿನಲ್ಲಿ ಮೀನು ಮಾಡ್ತಾರಾ?”