ಸೌದಿಯ ಗಿಣ್ಣು, ಐರ್ಲೆಂಡಿನ ಗಿಣ್ಣು

ಯುಗಾದಿಗೆ ಮೂರು ದಿನ ಇರುವಾಗ ಊರಿಗೆ ಬಂದವನು ಗೌರಿ ಹಬ್ಬ ಹತ್ತಿರ ಬಂದರೂ ವಾಪಸ್ ಹೋಗಿರಲಿಲ್ಲ. ಐರ್ಲೆಂಡಿನಿಂದ ಪೇಪರ್ ಬರುವುದು ತಡವಾಗುತ್ತಿದೆ ಎಂದು ಹೆಂಡತಿಗೆ ಹೇಳಿದ್ದೆ. ಯಾವ ಪೇಪರೂ ಬರುವುದಿರಲಿಲ್ಲ. ಅಲ್ಲಿನ ಹಸುವಿನ ಫಾರ್ಮಿನ ಕೆಲಸದಿಂದ ನನ್ನನ್ನು ತೆಗೆದುಹಾಕಿದ್ದರು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ಸುಳ್ಳು ಹೇಳಿದವನಿಗೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ, ‘ಪೇಪರ್ ಕೆಲಸ ಇದೆ’ ಎಂದು ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು ಹೊರಡುತ್ತಿದ್ದೆ. ಹಳ್ಳಿಮೈಸೂರಿನ ಪಕ್ಕದ ನಮ್ಮೂರಿನಿಂದ ಹೊಳೆನರಸೀಪುರ. ಅಲ್ಲಿಂದ ಯಾವ ಬಸ್ಸು ಮೊದಲು ಹೊರಟರೆ ಅದು. ಒಂದು ದಿನ ಅರಕಲಗೂಡು, ಒಂದು ದಿನ ಹಾಸನ, ತಲೆ ತೀರಾ ಕೆಟ್ಟಿದ್ದರೆ ಚನ್ನರಾಯಪಟ್ಟಣ. ಇಳಿದು ಒಂದು ಕಾಫಿ ಕುಡಿಯುವುದು, ಬಸ್‌ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ಓಡಾಡುವುದು, ವಾಪಸ್ ಬಸ್ಸು ಹತ್ತುವುದು. ಫೈಲಿನೊಳಗೆ ಹಳೆಯ ಕರೆಂಟ್ ಬಿಲ್ಲುಗಳಿದ್ದವು.

ಬಸ್ಸಿನಲ್ಲಿ ಪರಿಚಯದವರು ಸಿಕ್ಕರೆ ಒಂದೇ ಪ್ರಶ್ನೆ. ಅರಕಲಗೂಡಿನ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹೊಗೆಸೊಪ್ಪಿನ ರೈತರೊಬ್ಬರು ಕೇಳಿದರು: “ಸೌದೀಲೂ ಇದ್ರಂತೆ, ಐರ್ಲೆಂಡಲ್ಲೂ ಇದ್ರಂತೆ. ಯಾವ್ದು ವಾಸಿ ಸಾ?”

ಇದನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಸೌದಿಯಲ್ಲಿ ಆರು ವರ್ಷ ಇದ್ದೆ. ಸುತ್ತ ಬರೀ ಮರಳು, ನಡುವೆ ಸಾವಿರಾರು ಹಸು. ಹುಲ್ಲು ಹಡಗಿನಲ್ಲಿ ಬರುತ್ತಿತ್ತು. ಕೊಟ್ಟಿಗೆಯ ತುಂಬ ದೊಡ್ಡ ದೊಡ್ಡ ಫ್ಯಾನು, ಮೇಲಿನಿಂದ ನೀರಿನ ತುಂತುರು. ನಮ್ಮ ರೂಮಿಗಿಂತ ಹಸುವಿನ ಶೆಡ್ಡೇ ತಂಪಾಗಿರುತ್ತಿತ್ತು. ರೂಮಿಗೆ ಹತ್ತು ಜನ. ನೇಪಾಳದವನು, ಬಾಂಗ್ಲಾದವನು, ಕೇರಳದವನು, ಸುಡಾನಿನವನು. ಒಲೆಗಾಗಿ ಜಗಳ, ಬಕೆಟ್ಟಿಗಾಗಿ ಜಗಳ. ಒಬ್ಬನಿಗೆ ಜ್ವರ ಬಂದರೆ ಮಾತ್ರ ಉಳಿದ ಒಂಬತ್ತೂ ಜನ ಗಂಜಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಪಾಸ್‌ಪೋರ್ಟು ಮಾಲೀಕರ ಬೀರುವಿನಲ್ಲಿ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಮಾತೇ ಇಲ್ಲ.

ಐರ್ಲೆಂಡಿನಲ್ಲಿ ಕಣ್ಣು ಹಾಯಿಸಿದಷ್ಟೂ ಹುಲ್ಲು. ಜಿಟಿಜಿಟಿ ಮಳೆಯಲ್ಲಿ ಹಸುಗಳು ಹೊರಗಿರುತ್ತಿದ್ದವು, ಜನ ಬಾಗಿಲು ಹಾಕಿಕೊಂಡು ಒಳಗಿರುತ್ತಿದ್ದರು. ನನಗೆ ಒಬ್ಬನಿಗೇ ಒಂದು ಕೋಣೆ, ಹೀಟರು, ವಾರಕ್ಕೊಂದು ದಿನ ರಜ. ಸಂಬಳ ಒಂದು ದಿನವೂ ತಡವಾಗಲಿಲ್ಲ. ವಯಸ್ಸಾದ ಮಾಲೀಕರು ‘ದಯವಿಟ್ಟು’ ಎನ್ನದೆ ಕೆಲಸ ಹೇಳುತ್ತಿರಲಿಲ್ಲ. ಒಂದು ವರ್ಷ ಕಳೆದರೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದಿತ್ತು. ಆದರೆ ಕೆಲಸ ಮುಗಿದ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಸಿಗುತ್ತಿರಲಿಲ್ಲ. ಭಾನುವಾರಗಳಲ್ಲಿ ನನ್ನ ದನಿ ನಾನೇ ಕೇಳಲೆಂದು ಹಸುಗಳನ್ನು ಕನ್ನಡದಲ್ಲಿ ಬೈಯುತ್ತಿದ್ದೆ.

ಇಷ್ಟನ್ನೂ ಹೇಳಿದರೆ ಆ ರೈತರು, “ಅಂಗಾರೆ ಎಲ್ಡೂ ಬ್ಯಾಡ ಬುಡಿ” ಎಂದು ನಕ್ಕು ಇಳಿದುಹೋದರು. ನನಗೆ ನಗು ಬರಲಿಲ್ಲ. ಸೌದಿಯಲ್ಲಿದ್ದಾಗ ಹಸಿರು ಕನಸಿಗೆ ಬರುತ್ತಿತ್ತು. ಐರ್ಲೆಂಡಿನಲ್ಲಿ ಆ ಹತ್ತು ಜನರ ಗಲಾಟೆಗೆ ಮನಸ್ಸು ಹಾತೊರೆಯುತ್ತಿತ್ತು. ಈಗ ಊರಿನಲ್ಲಿದ್ದೂ ಬಸ್ಸಿನಲ್ಲೇ ಇದ್ದೆ. ನನ್ನ ಮೇಲೆ ನನಗೇ ರೇಗುತ್ತಿತ್ತು.

ಅತ್ತ ಹೆಂಡತಿ ಹೊರಡುವ ತಯಾರಿಯಲ್ಲಿದ್ದಳು. ತನಗೂ ಮಗಳಿಗೂ ಪಾಸ್‌ಪೋರ್ಟ್ ಮಾಡಿಸಿದ್ದಳು. ಹಾಸನದಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತಿಳಿದು ಎರಡು ಸ್ವೆಟರ್ ತಂದಿದ್ದಳು. ಐದನೇ ಕ್ಲಾಸಿನ ಮಗಳು ಆ ಸ್ವೆಟರನ್ನು ನಡುಮಧ್ಯಾಹ್ನ ಹಾಕಿಕೊಂಡು ಬೆವರುತ್ತಾ ಓಡಾಡುತ್ತಿದ್ದಳು. ನಾನಿಲ್ಲದ ಏಳು ವರ್ಷ ಈ ಮನೆಯನ್ನು ನಡೆಸಿದ್ದು ಹೆಂಡತಿ ಸಾಕಿದ ಹಸು. ದಿನಕ್ಕೆರಡು ಹೊತ್ತು ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ಅದನ್ನೂ ಮಾರುವುದೆಂದು ಚನ್ನರಾಯಪಟ್ಟಣದ ಒಬ್ಬರ ಹತ್ತಿರ ಮಾತಾಡಿಬಿಟ್ಟಳು. ಕರು ಹಾಕಿದ ಮೂರನೇ ದಿನ ಅವರು ಟೆಂಪೋ ತರುವುದೆಂದು ಮಾತಾಯಿತು. ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು.

ಒಂದು ಗುರುವಾರ ಬೆಳಿಗ್ಗೆ ಹಸು ಕರು ಹಾಕಿತು. ಹೆಂಡತಿ ಕರುವಿನ ಮೈ ಒರೆಸಿ, ಅದನ್ನು ಕೆಚ್ಚಲಿಗೆ ಬಿಟ್ಟು, ಹೊಟ್ಟೆ ತುಂಬ ಕುಡಿಯುವವರೆಗೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಆಮೇಲೆ ಮಿಕ್ಕಿದ್ದನ್ನು ಕರೆದುಕೊಂಡು ಅಡುಗೆಮನೆಗೆ ಬಂದಳು. ಆ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು. ನಮ್ಮ ಕಡೆ ಅದನ್ನು ಅಕ್ಕಪಕ್ಕದ ಮನೆಗೆ ಕೊಡದೆ ಯಾರೂ ಬಾಯಿಗಿಡುವುದಿಲ್ಲ.

“ಶನಿವಾರ ಟೆಂಪೋ ಬತ್ತದೆ. ನೀವು ಎಲ್ಲೂ ಓಗ್ಬೇಡಿ” ಅಂದಳು.

ಇನ್ನು ತಡೆಯಲಾಗಲಿಲ್ಲ. ಹೊಸ್ತಿಲಿನ ಮೇಲೆ ಕೂತು, ಒಲೆಯ ಕಡೆಗೆ ಮುಖ ಮಾಡಿದ್ದ ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದೆ.

ಫೆಬ್ರವರಿಯ ಒಂದು ಶನಿವಾರ ಮಗಳು ಫೋನಿನಲ್ಲಿ, ಪಕ್ಕದ ಮನೆಯಿಂದ ಗಿಣ್ಣು ಬಂತು ಎಂದಿದ್ದಳು. ಫೋನ್ ಇಟ್ಟ ಮೇಲೆ ನನಗೆ ಅದೇ ಧ್ಯಾನ. ಐರ್ಲೆಂಡಿನ ಫಾರ್ಮಿನ ಹಾಲಿನ ಕೋಣೆಯ ಫ್ರೀಜರಿನಲ್ಲಿ ಹಿಂದಿನ ವರ್ಷದ ಎರಡು ಬಾಟಲಿ ಗಿಣ್ಣುಹಾಲು ಇತ್ತು. ಸೌದಿಯಲ್ಲಿ ದಿನಕ್ಕೆ ಹತ್ತಿಪ್ಪತ್ತು ಹಸು ಕರು ಹಾಕುತ್ತಿದ್ದವು. ಮಿಕ್ಕ ಹಾಲು ಮೋರಿಗೇ ಹೋಗುತ್ತಿತ್ತು. ಅದರಲ್ಲಿ ನಾನು ಎಷ್ಟೋ ಸಲ ಗಿಣ್ಣು ಮಾಡಿದ್ದೆ; ರೂಮಿನವರು ಪಾತ್ರೆ ಬಳಿದು ತಿಂದಿದ್ದರು, ಸುಡಾನಿನ ಮೇಸ್ತ್ರಿ ತಟ್ಟೆ ಹಿಡಿದು ಕಾಯುತ್ತಿದ್ದ. ಇದೂ ಹಾಗೇ ಚೆಲ್ಲುವ ಹಾಲು ಅಂದುಕೊಂಡೆ. ಮಾಲೀಕರನ್ನು ಕೇಳಲಿಲ್ಲ. ಊರಿನಿಂದ ತಂದಿದ್ದ ಬೆಲ್ಲ ಹಾಕಿ ಬೇಯಿಸಿ, ಭಾನುವಾರ ಮಳೆಯಲ್ಲಿ ನಡೆದು ಮೂರು ಮನೆಗೆ ಕೊಟ್ಟು ಬಂದೆ. ಮೂರೂ ಮನೆಯವರು ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರು. ಒಬ್ಬರೂ ಒಳಗೆ ಬಾ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಆ ವರ್ಷದ ಮೊದಲ ಕರು ಹುಟ್ಟಿತು. ತಾಯಿ ಹಸು ಏಳಲೇ ಇಲ್ಲ, ಸತ್ತುಹೋಯಿತು. ಮಾಲೀಕರು ಫ್ರೀಜರ್ ತೆಗೆದು ನೋಡಿದರು. ಹುಟ್ಟಿದ ಕೆಲವೇ ಗಂಟೆಯೊಳಗೆ ಗಿಣ್ಣುಹಾಲು ಕುಡಿಯದಿದ್ದರೆ ಕರು ಉಳಿಯುವುದು ಕಷ್ಟ; ತಾಯಿ ಸತ್ತ ಅಂಥ ಕರುವಿಗೆಂದೇ ಎತ್ತಿಟ್ಟಿದ್ದ ಹಾಲು ಅದು. ಕೇಳಿದರು, ಇದ್ದದ್ದು ಇದ್ದ ಹಾಗೆ ಹೇಳಿದೆ. ಕೂಗಾಡಲಿಲ್ಲ. ‘ನೀನು ಕೋಣೆಗೆ ಹೋಗು’ ಎಂದರು. ನಾಲ್ಕನೇ ದಿನ ಕೆಲಸ ಬಿಡಿಸಿದ ಕಾಗದ ಕೊಟ್ಟರು.

“ಎರಡು ಬಾಟ್ಲಿ ಹಾಲಿಗೆ ಕಣೇ!” ಅಂದೆ. ನನ್ನ ಗಂಟಲು ಏರಿತ್ತು. “ಹಂಚಿ ತಿನ್ನೋದು ಅಂದ್ರೇನು ಅಂತ ಗೊತ್ತಿದ್ರೆ ಹಂಗೆ ಮಾಡ್ತಿದ್ರಾ ಅವ್ರು?”

ಪಾಸ್‌ಪೋರ್ಟಿನ ಮಾತು ಬರುತ್ತದೆ, ಐದು ತಿಂಗಳ ಸುಳ್ಳಿನ ಮಾತು ಬರುತ್ತದೆ ಎಂದು ಕಾದೆ. ಅವಳು ಒಲೆ ಆರಿಸಿ ತಿರುಗಿದಳು.

“ಆ ಕರ ಬದುಕ್ತಾ?”

ನಾನು ನಮ್ಮ ಕೊಟ್ಟಿಗೆಯ ಕಡೆ ನೋಡಿದೆ.

“ನಿಮ್ಮುನ್ನೇ ಕೇಳ್ತಿರಾದು. ತಾಯಿ ಇಲ್ದಿರ ಕರ. ಏನಾಯ್ತು ಅದು?”

“ಗೊತ್ತಿಲ್ಲ.”

“ಕೇಳ್ಲೇ ಇಲ್ವಾ ನೀವು?”

ಅವಳು ಕೇಳಬಹುದಾದ ಎಲ್ಲ ಪ್ರಶ್ನೆಗೂ ನಾನು ಬಸ್ಸಿನಲ್ಲಿ ಕೂತು ಉತ್ತರ ಹೊಂದಿಸಿಕೊಂಡಿದ್ದೆ. ಕರುವಿನ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು, “ಟೆಂಪೋದವ್ರಿಗೆ ಬರ್ಬೇಡಿ ಅಂತ ನಾನೇಳ್ತೀನಿ. ನೀವು ಅಲ್ಲಿಗೆ ಫೋನ್ ಮಾಡಿ” ಅಂದಳು. ಕೋಪವಿದ್ದಿದ್ದರೆ ಚೆನ್ನಾಗಿತ್ತು. ನನ್ನನ್ನು ಗುರುತು ಸಿಗದವನ ಹಾಗೆ ನೋಡುತ್ತಿದ್ದಳು.

ನಮಗೆ ಮಧ್ಯಾಹ್ನವಾದರೆ ಅಲ್ಲಿ ಬೆಳಿಗ್ಗೆ, ಹಾಲು ಕರೆದು ಮುಗಿಯುವ ಹೊತ್ತು. ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ. ಮಾಲೀಕರು ತಕ್ಷಣ ದನಿ ಗುರುತು ಹಿಡಿದು, ಮನೆಯವರೆಲ್ಲ ಆರೋಗ್ಯವೇ ಎಂದು ವಿಚಾರಿಸಿದರು. ನಾನು ಕರುವಿನ ವಿಷಯ ಕೇಳಿದೆ.

‘ಬೇರೆ ಫಾರ್ಮಿನಿಂದ ಗಿಣ್ಣುಹಾಲು ತಂದು ಬಾಟಲಿಯಲ್ಲಿ ಕುಡಿಸಿದೆ, ಹೊತ್ತು ಮೀರಿತ್ತು, ಮೂರನೇ ದಿನ ಸತ್ತಿತು’ ಎಂದರು. ‘ಅಷ್ಟು ದಿನವೂ ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಅದರ ಪಕ್ಕದಲ್ಲೇ ಕೂತಿದ್ದೆವು, ನೀನೂ ಒಂದು ಸಲ ಬಂದು ನೋಡುತ್ತೀಯೇನೋ ಅಂದುಕೊಂಡಿದ್ದೆ’ ಎಂದರು. ಆ ಕೊಟ್ಟಿಗೆಗೂ ನನ್ನ ಕೋಣೆಗೂ ಹತ್ತು ಹೆಜ್ಜೆ. ಆ ಮೂರು ದಿನವೂ ನಾನು ಹೀಟರು ಹಾಕಿಕೊಂಡು, ಬಾಗಿಲು ಹಾಕಿಕೊಂಡು ಒಳಗೇ ಇದ್ದೆ.