ಒಂದನ್ನೊಂದು ಮುಟ್ಟದ ತಂತಿಗಳು

ನಾನು ಚಿಕ್ಕವಳಿದ್ದಾಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಾಳಿನ ಮನೆಯಲ್ಲಿ ಒಂದು ಹಳೆಯ ರೇಡಿಯೋ ಇತ್ತು. ಹಾಕಿದರೆ ಮೊದಲು ಬಿಸಿ ಧೂಳಿನ ವಾಸನೆ ಬರುತ್ತಿತ್ತು, ಆಮೇಲೆ ಮಾತು. ಒಂದು ಭಾನುವಾರ ಬೆಳಿಗ್ಗೆ ಅದು ಮಾತು ನಿಲ್ಲಿಸಿಬಿಟ್ಟಿತು. ಅದೇ ಸಂಜೆ ಮಕ್ಕಳ ಕಾರ್ಯಕ್ರಮದಲ್ಲಿ ಅಕ್ಕ ಮೊದಲೇ ಹೋಗಿ ರೆಕಾರ್ಡ್ ಮಾಡಿಸಿ ಬಂದಿದ್ದ ಮರಾಠಿ ಪದ್ಯ ಬರುವುದಿತ್ತು. ಪಕ್ಕದ ಮನೆಯಲ್ಲಿ ಕೇಳಬಹುದಿತ್ತು, ನಿಜ. ಆದರೆ ಅಕ್ಕನ ಹಠ ನಿಮಗೆ ಗೊತ್ತಿಲ್ಲ. ನಮ್ಮ ರೇಡಿಯೋದಲ್ಲೇ ಕೇಳಬೇಕು ಎಂದು ಮುಖ ಊದಿಸಿಕೊಂಡು ಕೂತಳು.

ಅಪ್ಪನ ಕೆಲಸವೇ ವಿಮಾನಗಳ ರೇಡಿಯೋ ರಿಪೇರಿ. ಹಿಂದಿನ ಮುಚ್ಚಳ ಬಿಚ್ಚಿದವನೇ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದ. ಮನೆಯ ಕರೆಂಟನ್ನು ರೇಡಿಯೋಗೆ ಬೇಕಾದಷ್ಟಕ್ಕೆ ಹೊಂದಿಸುವ, ಕಬ್ಬಿಣದ ಸುತ್ತ ತಾಮ್ರದ ತಂತಿ ಸುತ್ತಿದ ಭಾರದ ವಸ್ತು ಅದು. ಅಪ್ಪನ ಪೆಟ್ಟಿಗೆಯಲ್ಲಿ ಗುಜರಿಯಿಂದ ತಂದ ವಿಮಾನದ ಟ್ರಾನ್ಸ್‌ಫಾರ್ಮರ್ ಒಂದಿತ್ತು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ವೋಲ್ಟೇಜು ಹೊಂದಿಸಿ ಅದನ್ನೇ ಜೋಡಿಸಿದ. ಅದು ಗುಂಯ್ ಎಂದಿತು, ಕಾದಿತು, ಸುಟ್ಟ ವಾರ್ನಿಶ್ ವಾಸನೆ ಮನೆಯಿಡೀ ತುಂಬಿತು. ಅಪ್ಪ ಪ್ಲಗ್ ಕಿತ್ತು ಹಣೆ ಚಚ್ಚಿಕೊಂಡ.

ವಿಮಾನದ ಕರೆಂಟು ಬಹಳ ಬೇಗ ಬೇಗ ದಿಕ್ಕು ಬದಲಿಸುತ್ತದಂತೆ. ಅದಕ್ಕೆ ಸ್ವಲ್ಪ ಕಬ್ಬಿಣ ಸಾಕು, ವಿಮಾನಕ್ಕೂ ಭಾರವಿಲ್ಲ. ಮನೆಯ ಕರೆಂಟು ನಿಧಾನ, ಅದಕ್ಕೆ ಕಬ್ಬಿಣ ಜಾಸ್ತಿ ಬೇಕು. ವಾರವಿಡೀ ವಿಮಾನದ ಜೊತೆಗಿದ್ದು ಅಪ್ಪ ಮನೆಯನ್ನೇ ಮರೆತಿದ್ದ! ಅಮ್ಮ ನಕ್ಕದ್ದು ನಕ್ಕದ್ದೇ.

ಕೊನೆಗೆ ಹಳೆಯದನ್ನೇ ಬಿಚ್ಚಿದ. ಒಂದರ ಮೇಲೊಂದು ಸುತ್ತಿದ ಎರಡು ತಂತಿಗಳಲ್ಲಿ ಹೊರಗಿನದು ಮಾತ್ರ ಸುಟ್ಟಿತ್ತು. ಅದನ್ನು ಬಿಚ್ಚಿ ತೆಗೆದು, ಉಳಿದ ಸುರುಳಿಯನ್ನು ಅಮ್ಮನ ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಬಿಗಿದು ಹೊಸ ತಂತಿ ಹಿಡಿದ. ಅಕ್ಕ ಚಕ್ರ ತಿರುಗಿಸಿದಳು. ನಾನು ನೂರು ಸುತ್ತಿಗೊಂದು ಹುಣಸೆ ಬೀಜ ಇಡುತ್ತಾ ಹೋದೆ. ಒಳಗಿನ ತಂತಿಗೂ ಹೊರಗಿನದಕ್ಕೂ ನಡುವೆ ಕಾಗದವಿತ್ತು. ಅದು ನನ್ನ ತಲೆ ಕೊರೆಯತೊಡಗಿತು.

“ಅಪ್ಪಾ, ಎರಡೂ ಮುಟ್ಟುದೇ ಇಲ್ಲ. ಮತ್ತೆ ಕರೆಂಟು ಆಚೆ ಹೇಗೆ ಹೋಗ್ತದೆ?”

“ಹೋಗುದಿಲ್ಲ ಮಗಾ. ಒಳಗಿನ ತಂತಿ ಕಬ್ಬಿಣವನ್ನು ಆಯಸ್ಕಾಂತ ಮಾಡ್ತದೆ. ಕರೆಂಟು ದಿಕ್ಕು ಬದಲಿಸಿದ ಹಾಗೆ ಆಯಸ್ಕಾಂತವೂ ಬದಲಾಗ್ತದೆ. ಆ ಬದಲಾವಣೆಯೇ ಹೊರಗಿನ ತಂತಿಯಲ್ಲಿ ಹೊಸ ಕರೆಂಟು ಎಬ್ಬಿಸುದು.”

ಮುಟ್ಟದೆಯೇ ಎಬ್ಬಿಸುವುದೇ? ನನಗೆ ಆ ದಿನ ಊಟವೂ ಬೇಡವಾಯಿತು.

ರೇಡಿಯೋ ಬಾಯಿ ಬಿಟ್ಟಾಗ ಪದ್ಯ ಮುಗಿಯುತ್ತಾ ಬಂದಿತ್ತು. ಕೊನೆಯ ಎರಡು ಸಾಲು ಮಾತ್ರ ಸಿಕ್ಕಿತು. ಅಕ್ಕ ಒಂದು ಕಣ್ಣಲ್ಲಿ ಅಳುತ್ತಾ, ಇನ್ನೊಂದರಲ್ಲಿ ನಗುತ್ತಾ ಕೇಳಿದಳು. ನನಗಂತೂ ಹಿಗ್ಗೋ ಹಿಗ್ಗು.

ಮೊನ್ನೆ ನೆರೂಳದ ಮನೆಯಲ್ಲಿ ಮೊಮ್ಮಗ ತಟ್ಟೆಯಂಥ ಚಾರ್ಜರ್ ಮೇಲೆ ಫೋನ್ ಇಟ್ಟು, “ದೇಖೋ ಅಜ್ಜಿ, ವೈರ್ ಲಗಾಯಾ ಹೀ ನಹೀ” ಎಂದು, ವೈರೇ ಹಾಕದೆ ಚಾರ್ಜ್ ಆಗುವುದನ್ನು ತೋರಿಸಿ ಜಂಬ ಕೊಚ್ಚಿದ. ತಟ್ಟೆಯಲ್ಲೊಂದು ಸುರುಳಿ, ಫೋನಿನಲ್ಲೊಂದು ಸುರುಳಿ, ಎರಡೂ ಮುಟ್ಟುವುದಿಲ್ಲ, ನಮ್ಮ ಹಳೆಯ ರೇಡಿಯೋದ ಟ್ರಾನ್ಸ್‌ಫಾರ್ಮರಿನ ಹಾಗೆಯೇ ಎಂದೆ. ಅವನು ನಂಬಲಿಲ್ಲ. ಅಷ್ಟರಲ್ಲಿ ಕಲ್ಯಾಣದಿಂದ ಅಕ್ಕನ ಫೋನ್ ಬಂತು. ತಂತಿ ಸುತ್ತಿದವಳನ್ನೇ ಕೇಳು ಎಂದು ಅವನ ಕೈಗೆ ಕೊಟ್ಟೆ. ಅವಳು ರೇಡಿಯೋದ ಕತೆ ಹೇಳುವ ಮೊದಲು ಅಂದಿನ ಪದ್ಯವನ್ನು ಶುರುವಿನಿಂದ ಪೂರ್ತಿ ಹೇಳಿದಳು.