ಅರ್ಧ ಹಾಡಿಗೆ ಪೂರ್ತಿ ಸನ್ಮಾನ

ಸನ್ಮಾನವಿಲ್ಲದೆ ನಮ್ಮವರಿಗೆ ಸಂಗೀತ ಜೀರ್ಣವಾಗುವುದಿಲ್ಲ. ಈ ಶತಮಾನ ಆಗಷ್ಟೇ ಶುರುವಾಗಿತ್ತು. ನಾವು ಮಸ್ಕತ್ತಿನ ಅಲ್ ಗುಬ್ರಾದಲ್ಲಿದ್ದೆವು. ಅದೇ ಊರಿನ ಅಲ್ ಹೈಲ್ ಬಡಾವಣೆಯಲ್ಲಿ ನೆಲೆಸಿದ್ದ ಫ್ರೆಂಚ್ ಗಾಯಕಿಯೊಬ್ಬರು ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ತಮ್ಮ ದೇಶದ ಹತ್ತೊಂಬತ್ತನೇ ಶತಮಾನದ ಒಪೆರಾ ಹಾಡುಗಳನ್ನು ಹಾಡಲು ಒಪ್ಪಿದ್ದರು.

ಕೊನೆಯದು, ಸಾಯುತ್ತಿರುವ ಹೆಣ್ಣೊಬ್ಬಳು ವಿದಾಯ ಹೇಳುವ ಹಾಡು. ನಡುವೆ ಗಾಯಕಿ ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಪಿಯಾನೋ ಮಾತ್ರ ಮೆಲ್ಲಗೆ ನುಡಿಯುತ್ತಿತ್ತು. ಹಾಡು ಮುಗಿಯಿತೆಂದುಕೊಂಡ ನಮ್ಮ ಅಧ್ಯಕ್ಷರು ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಸಮೇತ ವೇದಿಕೆಗೆ ನುಗ್ಗಿಯೇಬಿಟ್ಟರು. ಪೇಟ ಆಕೆಯ ಹುಬ್ಬಿನವರೆಗೆ ಇಳಿಯಿತು. ಪಿಯಾನೋದವರು ಗಾಬರಿಯಿಂದ ಕೈ ತೆಗೆದರು.

"ಹಾಡು ಇನ್ನೂ ಇದೆ ಸರ್," ಎಂದು ನಾನು ಮುಂದಿನ ಸಾಲಿನಿಂದ ಕೂಗಿದೆ.

"ಇರ್ಲಿ ಮಾರಾಯ್ರೆ, ಊಟ ತಣ್ಣಗಾಗ್ತದೆ," ಎಂದವರೇ ಮೈಕ್ ಹಿಡಿದು ನಾಡುನುಡಿಯ ಬಗ್ಗೆ ಅರ್ಧ ಗಂಟೆ ಕೊರೆದರು. ಆಕೆ ಬುಟ್ಟಿ ಹೊತ್ತು ನಿಂತೇ ಇದ್ದರು. ಹಾಡಿನೊಳಗಿನ ಹೆಣ್ಣನ್ನು ನಾವು ನೆಮ್ಮದಿಯಾಗಿ ಸಾಯಲೂ ಬಿಡಲಿಲ್ಲ.

ಊಟದ ಸಾಲಿನಲ್ಲಿ ಅಧ್ಯಕ್ಷರು ನನ್ನ ಭುಜ ತಟ್ಟಿದರು. "ಕನ್ನಡ ಬಾರದಿದ್ರೂ ನನ್ನ ಭಾಷಣಕ್ಕೆ ಅವ್ರ ಕಣ್ಣಲ್ಲಿ ನೀರು ಬಂತು, ನೋಡಿದ್ರಾ?"